ಫೋಟೋದಾಗ ಏನೂ ಇಲ್ಲ

ನಾನು ಮೆಟ್ಟಿಲು ಇಳಿಯುವುದನ್ನು ನೋಡಿದವರು ನಗುತ್ತಾರೆ. ಮುಖವನ್ನು ಮೇಲಿನ ಮೆಟ್ಟಿಲ ಕಡೆಗೆ ಮಾಡಿ, ಬೆನ್ನನ್ನು ಕೆಳಗಿನವರಿಗೆ ಕೊಟ್ಟು, ಗೋಡೆಗೆ ಅಂಗೈ ಊರಿ, ಒಂದೊಂದೇ ಕಾಲನ್ನು ಹಿಂದಕ್ಕೆ ತಡವರಿಸಿ ಇಡುತ್ತೇನೆ. ಮೊನ್ನೆ ಉಮರಗಾದಲ್ಲಿ ಒಂದು ಕಚೇರಿಯ ಮೆಟ್ಟಿಲನ್ನು ಹೀಗೆ ಇಳಿಯುತ್ತಿದ್ದಾಗ ಕೆಳಗೆ ನಿಂತಿದ್ದ ಜವಾನ, "ಮಾಸ್ತರ್, ಏನರೆ ಮರ್ತು ಹೊಳ್ಳಿ ಹೊಂಟೀರೇನ್ರಿ?" ಎಂದು ಕೇಳಿದ. "ಹೌದಪ್ಪಾ, ಮರ್ತಿದ್ದು ನೆಪ್ಪಾಗ್ಯದ" ಎಂದೆ. ಅವನಿಗೆ ತಿಳಿಯಲಿಲ್ಲ. ನಿಮಗಾದರೂ ತಿಳಿಯಲಿ ಎಂದು ಬರೆಯಲು ಕುಳಿತಿದ್ದೇನೆ.

ಮೊಣಕಾಲು ಬರೆಯುವಂಥ ವಿಷಯವೇನಲ್ಲ, ಒಪ್ಪುತ್ತೇನೆ. ಕಣ್ಣನ್ನು ಹೊಗಳಿದವರಿದ್ದಾರೆ, ಕೈಯನ್ನು ಹೊಗಳಿದವರಿದ್ದಾರೆ. ಮೊಣಕಾಲನ್ನು ಹೊಗಳಿದವರನ್ನು ನಾನು ಕಾಣೆ. ಮಡಚೆಂದಾಗ ಮಡಚುತ್ತದೆ, ಚಾಚೆಂದಾಗ ಚಾಚುತ್ತದೆ. ಅಲ್ಲಿಯವರೆಗೆ ಅದೊಂದು ಇದೆ ಎಂಬ ನೆನಪೂ ನಮಗಿರುವುದಿಲ್ಲ. ಮನೆಯಲ್ಲಿ ಕೆಲವು ಮನುಷ್ಯರೂ ಹೀಗೆಯೇ ಇರುತ್ತಾರೆ.

ಆದರೆ ನಮ್ಮ ಸೀಮೆಯಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಮೊದಲ ತಲೆದಿಂಬು ಅಂದರೆ ತಾಯಿಯ ಮೊಣಕಾಲೇ. ಬೀಸುವ ಹೆಂಗಸು ಒಂದು ಕಾಲು ಮಡಚಿ, ಇನ್ನೊಂದನ್ನು ಬೀಸುಕಲ್ಲಿನ ಪಕ್ಕಕ್ಕೆ ನೀಳವಾಗಿ ಚಾಚಿ ಕೂರುತ್ತಾಳೆ. ಆ ಚಾಚಿದ ಕಾಲಿನ ಮೇಲೆ ಮಗುವಿನ ತಲೆ. ಕಲ್ಲು ತಿರುಗಿದಂತೆಲ್ಲ ಕಾಲು ಸಣ್ಣಗೆ ಅಲುಗುತ್ತದೆ, ಮೇಲೆ ಹಾಡು, ಮೂಗಿಗೆ ಬೆಚ್ಚನೆಯ ಜೋಳದ ಹಿಟ್ಟಿನ ವಾಸನೆ. ನಾನು ಏಳು ವರ್ಷದವನಾಗುವವರೆಗೆ ಹಾಗೆಯೇ ಮಲಗಿದವನು. ಎದ್ದು ಮುಖ ತೊಳೆಯದೆ ಮಠಕ್ಕೆ ಅಕ್ಷರ ಕಲಿಯಲು ಹೋಗುತ್ತಿದ್ದೆ. ಅರ್ಧ ಮುಖದ ತುಂಬ ಹಿಟ್ಟು. "ಬರ್ರಿ ಬರ್ರಿ, ಸ್ವಾಮಿಗೋಳು ವಿಭೂತಿ ಕಿವಿತನಕ ಹಚ್ಕೊಂಡು ಬಂದಾರ" ಎಂದು ಮಠದ ಅಯ್ಯನವರು ಎಲ್ಲರ ಮುಂದೆ ಛೇಡಿಸುತ್ತಿದ್ದರು.

ಆ ಅಯ್ಯನವರ ಬಳಿ ಮರಳ ಮೇಲೆ ಬೆರಳಿನಿಂದ ಕನ್ನಡ ತಿದ್ದಿದೆ. ಸರ್ಕಾರಿ ಶಾಲೆಯಲ್ಲಿ ಉರ್ದು ಕಲಿತೆ. ಆಗ ನಿಜಾಮರ ಆಳಿಕೆ, ಉರ್ದು ಬಾರದವನಿಗೆ ನೌಕರಿ ಇಲ್ಲ. ಮರಾಠಿಯನ್ನು ಓಣಿಯೇ ಕಲಿಸಿತು. ಹೀಗೆ ಮೂರು ಭಾಷೆಯ ಪಂಡಿತನಾಗಿ ಮೊದಲು ಉದಗೀರದಲ್ಲಿ, ಆಮೇಲೆ ನಮ್ಮ ಊರು ಕಾಸಾರಶಿರಸಿಯಲ್ಲೇ ಮಾಸ್ತರನಾದೆ. ಮೂರು ಭಾಷೆಯಲ್ಲಿ ಯಾರು ಏನು ಹೇಳಿದರೂ ತಿಳಿಯುತ್ತಿತ್ತು, ನನ್ನ ಹೆಂಡತಿ ಹೇಳಿದ್ದೊಂದನ್ನು ಬಿಟ್ಟು.

ಅವಳ ಹೆಸರು ಗುರುಬಾಯಿ. ಜಳಕೋಟದ ಕಡೆಯ ಒಕ್ಕಲು ಮನೆತನದವಳು, ಎತ್ತರದ ಗಟ್ಟಿ ಹೆಂಗಸು. ಎರಡು ಕೊಡ ತಲೆಯ ಮೇಲೆ, ಒಂದು ಕೊಡ ಸೊಂಟದಲ್ಲಿ ಇಟ್ಟುಕೊಂಡು ದಾರಿಯಲ್ಲಿ ನಿಂತು ಮಾತನಾಡುವಷ್ಟು ಶಕ್ತಿ. ನಮಗೆ ಒಬ್ಬಳೇ ಮಗಳು, ಉದಗೀರಕ್ಕೆ ಕೊಟ್ಟಿದ್ದೆವು. ಆ ಮಗಳು ಒಂದು ಸಲ ಕೂಸನ್ನು ಕರೆದುಕೊಂಡು ತವರಿಗೆ ಬಂದಾಗ, ಕೂಸು ಬೀಸುಕಲ್ಲಿನ ಬಳಿ ಹೋಗಿ ಅಜ್ಜಿಯ ಕಾಲು ಹುಡುಕಿತು. ಕಾಲು ಚಾಚಿರಲಿಲ್ಲ. ಗುರುಬಾಯಿ ಎರಡೂ ಮೊಣಕಾಲನ್ನು ಅರ್ಧ ಎತ್ತಿ, ಹೇಗೋ ಓರೆಯಾಗಿ ಕೂತು ಬೀಸುತ್ತಿದ್ದಳು. ಕೂಸು ಜೋಳದ ಚೀಲದ ಮೇಲೆ ತಲೆಯಿಟ್ಟು ಮಲಗಿತು. ನಾನು ಇದನ್ನು ಕಣ್ಣಾರೆ ನೋಡಿದೆ. ನೋಡಿ, ಅಜ್ಜಿಗೆ ಮೊಮ್ಮಗಳ ಮೇಲೆ ಮಾಯೆ ಕಡಿಮೆ ಎಂದುಕೊಂಡೆ.

ಇನ್ನೂ ನೋಡಿದ್ದಿದೆ. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿದ ಮನೆತನ. ಲಿಂಗವನ್ನು ಎಡಗೈಯಲ್ಲಿಟ್ಟು, ಚಕ್ಕಳಮಕ್ಕಳ ಹಾಕಿ ಕೂತು ಪೂಜೆ ಮಾಡಬೇಕು. ಅವಳು ಅಡುಗೆಮನೆಯ ಕಂಬಕ್ಕೆ ಒರಗಿ ನಿಂತುಕೊಂಡೇ ಪೂಜೆ ಮುಗಿಸತೊಡಗಿದಳು. "ನಿಂತು ಪೂಜಿ ಮಾಡ್ತಾರೇನು? ದೇವರೇನು ಮೋಟಾರ ಹಿಡೀಲಾಕ ಹೊಂಟಾನ?" ಎಂದೆ. ಅಂಥ ಚಟಾಕಿ ಹಾರಿಸಿದ ದಿನ ನನಗೆ ಊಟ ಹೆಚ್ಚು ರುಚಿಸುತ್ತಿತ್ತು. "ಕೂತ್ರ ಏಳಾಕ ಆಗಲ್ರಿ" ಎಂದಳು. ಅಷ್ಟೇ. ಎಕ್ಕೆಯ ಎಲೆಗೆ ಔಡಲೆಣ್ಣೆ ಸವರಿ, ಬೆಚ್ಚಗೆ ಮಾಡಿ ಮೊಣಕಾಲಿಗೆ ಕಟ್ಟಿಕೊಳ್ಳುತ್ತಿದ್ದಳು. ಸೀರೆಯೊಳಗಿಂದ ಬರುವ ಆ ವಾಸನೆ ನನಗೆ ಆಗುತ್ತಿರಲಿಲ್ಲ. ಅದನ್ನೂ ಹೇಳಿದೆ.

ಈಗ ಬಾವಿಯ ವಿಷಯ ಹೇಳಬೇಕು. ನಮ್ಮೂರಲ್ಲಿ ಮೆಟ್ಟಿಲ ಬಾವಿಯೊಂದಿದೆ, ಬಾರವ ಎನ್ನುತ್ತೇವೆ. ನೀರು ಮುಟ್ಟಲು ಇಪ್ಪತ್ತೆರಡು ಮೆಟ್ಟಿಲು. ಬಳಸುವ ನೀರನ್ನು ಆಳು ತರುತ್ತಿದ್ದ. ಆದರೆ ಲಿಂಗಪೂಜೆಯ ನೀರು, ಅಂದರೆ ಅಗ್ಗಣಿ, ಲಿಂಗ ಕಟ್ಟಿದವರ ಕೈಯಿಂದಲೇ ಬರಬೇಕು. ನನ್ನ ಪೂಜೆಯ ಅಗ್ಗಣಿಯನ್ನು ಮದುವೆಯಾದಂದಿನಿಂದ ಅವಳೇ ತರುತ್ತಿದ್ದಳು. ಲಿಂಗ ನನ್ನ ಕೊರಳಲ್ಲೂ ಇತ್ತು, ಎರಡು ಕೈಯೂ ಇದ್ದವು, ಮೊಣಕಾಲೂ ನೆಟ್ಟಗಿದ್ದವು. ಇದು ಆಗ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಮಾಸ್ತರ ಕೊಡ ಹೊರುವುದು ಹೇಗೆ?

ನೋವು ಹೆಚ್ಚಾಗಿ ಅವಳು ಗೋಡೆ ಹಿಡಿದು ನಡೆಯುವ ಹೊತ್ತಿಗೆ ಸೋಲಾಪುರದ ದವಾಖಾನೆಗೆ ಎಲುಬಿನ ಫೋಟೋ ತೆಗೆಯುವ ಯಂತ್ರ ಬಂದ ಸುದ್ದಿ ನಮ್ಮವರೆಗೂ ಬಂತು. ನನಗೆ ಹುರುಪು ಬಂತು. ಹೆಂಡತಿಯ ಕಾಲಿಗಿಂತ ಯಂತ್ರದ ಮೇಲೆ ಹೆಚ್ಚು. "ಅಂಗೈ ಹುಣ್ಣಿಗಿ ಕನ್ನಡಿ ಯಾಕ್ರಿ? ನೋವು ನಂದು, ನಾ ಹೇಳ್ಲಾಕತ್ತೀನಿ" ಎಂದಳು ಗುರುಬಾಯಿ. "ನೀ ಹೇಳೂದು ಬ್ಯಾರೆ, ಪುರಾವೆ ಬ್ಯಾರೆ" ಎಂದೆ. ಸರ್ಕಾರದ ಕೂಳು ತಿಂದವನು ನಾನು. ಕಾಗದದಲ್ಲಿ ಇದ್ದದ್ದು ಇದೆ, ಕಾಗದದಲ್ಲಿ ಇಲ್ಲದ್ದು ಇಲ್ಲ.

ಬಂಡಿಯಲ್ಲಿ ತುರೋರಿಯವರೆಗೆ ಹೋಗಿ ಅಲ್ಲಿಂದ ಸೋಲಾಪುರದ ಮೋಟಾರು ಹಿಡಿದೆವು. ಜೊತೆಗೆ ಮಾಳಪ್ಪ ಬಂದ. ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ರಾತ್ರಿ ಕುರಿ ತರುಬುತ್ತಿದ್ದ ಕುರಿಗಾರ, ಬೀರಪ್ಪನ ಭಕ್ತ, ವಯಸ್ಸಿನಲ್ಲಿ ನನಗಿಂತ ಹಿರಿಯ. ಟಗರು ಗುದ್ದಿ ಅವನ ಮೊಣಕಾಲು ಬಾತಿತ್ತು. "ನೀವು ಹೆಂಗೂ ಹೊಂಟೀರಿ, ನಂದೂ ಒಂದು ಫೋಟೋ ಹೊಡಸ್ರಿ ಮಾಸ್ತರ್. ಹುಟ್ಟಿದ್ದಿಗ್ಲಿಂದ ಒಂದೂ ತೆಗಿಸಿಲ್ಲ" ಎಂದ.

ಡಾಕ್ಟರು ಮರಾಠಿಯವರು, ಸೋಲಾಪುರದ ಕನ್ನಡ ಚೆನ್ನಾಗಿ ಬರುತ್ತಿತ್ತು. ಮೊದಲು ಗುರುಬಾಯಿಯನ್ನು ಕೇಳಿದರು: "ಬಾಯಿ, ಮನ್ಯಾಗ ಏನೇನು ಮಾಡ್ಲಾಕ ತ್ರಾಸ ಆಗ್ತದ ಹೇಳ್ರಿ." ಅವಳು ಸೆರಗು ಎಳೆದುಕೊಂಡು ನನ್ನ ಮುಖ ನೋಡಿದಳು. ನಮ್ಮಲ್ಲಿ ಹೆಂಗಸರು ಪರಗಂಡಸರ ಮುಂದೆ ಗಂಡನಿರುವಾಗ ಬಾಯಿ ಬಿಡುವುದಿಲ್ಲ. ಗಂಡ ಹೇಳುತ್ತಾನೆ. ನಾನು ಹೇಳಿದೆ: "ಮನಿಗೆಲಸ ಎಲ್ಲಾ ಮಾಡ್ತಾಳ್ರಿ. ಅಡಿಗಿ, ಬೀಸೂದು, ನೀರು. ಒಂದೂ ನಿಂತಿಲ್ಲ." ಡಾಕ್ಟರು ಇನ್ನೊಮ್ಮೆ ಅವಳ ಕಡೆ ನೋಡಿದರು. ಅವಳು ನೆಲ ನೋಡುತ್ತಿದ್ದಳು.

ಫೋಟೋ ಬಂದವು. ಕರಿಯ ಹಾಳೆಯ ಮೇಲೆ ಬೂದಿ ಬಣ್ಣದ ಎಲುಬು. ಡಾಕ್ಟರು ಅವನ್ನು ದೀಪದ ಮುಂದೆ ಹಿಡಿದು, ಗುರುಬಾಯಿಯ ಎಲುಬಿನಲ್ಲಿ ಹೇಳಿಕೊಳ್ಳುವಂಥ ಸವೆತ ಕಾಣುವುದಿಲ್ಲ, ವಯಸ್ಸಿಗೆ ತಕ್ಕಷ್ಟು ಇದೆ ಎಂದರು. ಮಾಳಪ್ಪನ ಹಾಳೆ ನೋಡಿ ಮಾತ್ರ ಬೆಚ್ಚಿದರು. ಎಲುಬಿಗೆ ಎಲುಬು ತಾಗಿ, ಅಂಚುಗಳೆಲ್ಲ ಮುಳ್ಳುಮುಳ್ಳಾಗಿದ್ದವು. "ನೀ ದಿನಾ ಎಷ್ಟು ನಡೀತಿ?" ಎಂದು ಕೇಳಿದರು. "ಕುರಿ ಎಷ್ಟು ನಡೀತಾವೋ ಅಷ್ಟರಿ. ನಾಕು ಹರದಾರಿ, ಐದು ಹರದಾರಿ" ಎಂದ ಮಾಳಪ್ಪ. ಟಗರು ಗುದ್ದಿದ್ದು ಬಿಟ್ಟರೆ ಅವನಿಗೆ ಮೊಣಕಾಲು ಎಂದೂ ನೋವು ಕೊಟ್ಟದ್ದಿಲ್ಲವಂತೆ.

ಡಾಕ್ಟರು ನನ್ನ ಕಡೆ ತಿರುಗಿ ಹೇಳಿದ ಮಾತು ಇವತ್ತಿಗೂ ಅಕ್ಷರ ಬಿಡದೆ ನೆನಪಿದೆ: "ಮಾಸ್ತರ್, ಇದರಾಗ ಎಲುಬು ಕಾಣ್ತದ, ನೋವು ಕಾಣಲ್ಲ. ಇಂಥ ಚಲೋ ಫೋಟೋದವರು ಹಾಸಿಗಿ ಹಿಡದಾರ, ಇಂವನಂಥವರು ಹೊಲಾ ಉಳ್ತಾರ. ಬಾಯಿಗಿ ಮೆಟ್ಲ ಇಳಸಬ್ಯಾಡ್ರಿ, ನೆಲಕ್ಕ ಕೂಡಸಬ್ಯಾಡ್ರಿ." ಕೇಳಿದೆ. ದೊಡ್ಡ ಮನುಷ್ಯರು ವಿನಯಕ್ಕೆ ಹೀಗೆ ಮಾತನಾಡುತ್ತಾರೆ ಎಂದುಕೊಂಡೆ. ಇಷ್ಟು ದೊಡ್ಡ ಯಂತ್ರ ಇಟ್ಟುಕೊಂಡು ಏನೂ ಗೊತ್ತಾಗುವುದಿಲ್ಲ ಎಂದರೆ ಯಾರು ನಂಬಬೇಕು?

ತಿರುಗಿ ಬರುವಾಗ, ಇಂಗ್ಲಿಷರ ಸೀಮೆ ಮುಗಿದು ನಮ್ಮ ನಿಜಾಮರ ಸೀಮೆ ಶುರುವಾಗುವ ಸುಂಕದ ನಾಕಾದಲ್ಲಿ ತಮಾಷೆಯಾಯಿತು. ಜವಾನ ನನ್ನ ಲಕೋಟೆ ಬಿಚ್ಚಿ, "ಯೇ ಕ್ಯಾ ಹೈ?" ಎಂದ. ಹೆಂಡತಿಯ ಮೊಣಕಾಲು ಎಂದು ಪರರ ಮುಂದೆ ಹೇಗೆ ಹೇಳುವುದು? "ಘುಟ್ನೇ ಕೀ ತಸ್ವೀರ್", ಮೊಣಕಾಲಿನ ಚಿತ್ರ, ಎಂದಷ್ಟೇ ಹೇಳಿದೆ. ಬಿಸಿಲಿಗೆ ಹಿಡಿದು ನೋಡಿ "ತೌಬಾ" ಎಂದು ಸಾಹೇಬನ ಬಳಿ ಒಯ್ದ. ಸಾಹೇಬ ಸುಂಕದ ಪುಸ್ತಕ ತಿರುವಿ ಹಾಕಿದ. ಬಟ್ಟೆಗೆ, ಬೆಳ್ಳಿಗೆ, ಬೆಲ್ಲಕ್ಕೆ ಸುಂಕ ಇತ್ತು, ಮೊಣಕಾಲಿಗೆ ಇರಲಿಲ್ಲ. ಇದನ್ನು ನಾನು ಎಷ್ಟು ಮಂದಿಗೆ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ. ಆ ಹೊತ್ತೆಲ್ಲ ಗುರುಬಾಯಿ ಮೋಟಾರಿನಿಂದ ಇಳಿದು ಬಿಸಿಲಲ್ಲಿ ನಿಂತಿದ್ದಳು ಎಂಬುದನ್ನು ಹೇಳುವಾಗ ಬಿಡುತ್ತಿದ್ದೆ. ಮೋಟಾರು ಮತ್ತೆ ಹೊರಟ ಮೇಲೆ ಅವಳು ಒಂದೇ ಮಾತು ಆಡಿದಳು: "ಡಾಕ್ಟರ್ ನನಗ ಕೇಳಿದ್ರು."

ಮಾಳಪ್ಪ ತನ್ನ ಫೋಟೋ ತೆಗೆದುಕೊಂಡು ಹೋಗಿ ಬೀರಪ್ಪನ ಗುಡಿಯಲ್ಲಿ ಕಲ್ಲಿನ ಮುಂದೆ ಇಟ್ಟು, ಭಂಡಾರದ ಅರಿಸಿನ ಎರಚಿ, "ಎಲುಬು ಕೆಟ್ಟಾವಂತ. ನೀ ನೋಡ್ಕೊ, ನನಗ ಕೆಲಸ ಅದ" ಎಂದು ದೇವರಿಗೆ ಒಪ್ಪಿಸಿಬಿಟ್ಟ. ಊರವರು ನಕ್ಕರು, ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಓದಿದ ನಾನು ಮಾಡಿದ್ದು ಏನು? ಗುರುಬಾಯಿಯ ಫೋಟೋವನ್ನು ಪಡಸಾಲೆಯ ಕಿಟಕಿಗೆ ಅಂಟು ಹಚ್ಚಿ ಅಂಟಿಸಿದೆ. ಬೆಳಗಿನ ಬಿಸಿಲು ಅವಳ ಎಲುಬಿನ ಮೂಲಕ ಒಳಗೆ ಬರುತ್ತಿತ್ತು. ಬಂದವರಿಗೆಲ್ಲ ಶಾಲೆಯ ಕೋಲಿನಿಂದ ತೋರಿಸಿ ಪಾಠ ಮಾಡುತ್ತಿದ್ದೆ: ಇದು ತೊಡೆಯ ಎಲುಬು, ಇದು ಮೊಣಕಾಲಿನ ಚಿಪ್ಪು, ನೋಡಿರಿ ಎಷ್ಟು ಸಾಫಾಗಿದೆ. ಅವಳು ಅದರ ಕೆಳಗೆ ಬಗ್ಗಿ ಕಸ ಗುಡಿಸುತ್ತಿದ್ದಳು. ಯಾರಾದರೂ "ವೈನಿ ಕುಂಟ್ಲಾಕತ್ತಾರಲ್ಲ" ಎಂದರೆ ನಾನು ಕಿಟಕಿಯ ಕಡೆ ಕೋಲು ತೋರಿಸಿ "ಫೋಟೋದಾಗ ಏನೂ ಇಲ್ಲ" ಎನ್ನುತ್ತಿದ್ದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹುಡುಗರಿಗೆ ಗಾದೆ ಬರೆಸಿದವನೂ ನಾನೇ.

ಆ ದಿನಗಳಲ್ಲಿ ಗುರುಬಾಯಿ ಬಾವಿಗೆ ಇಳಿಯುವ ಒಂದು ಉಪಾಯ ಕಂಡುಕೊಂಡಳು. ಬೆನ್ನು ತಿರುಗಿಸಿ ಇಳಿಯುವುದು. ಹಾಗೆ ಇಳಿದರೆ ಭಾರ ಮೊಣಕಾಲಿನ ಮೇಲೆ ಕಡಿಮೆ ಬೀಳುತ್ತದೆ. ಯಾವ ಡಾಕ್ಟರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಬಾವಿಯಲ್ಲಿ ಈಜಲು ಬಂದ ನನ್ನ ಶಾಲೆಯ ಹುಡುಗರು ಇದನ್ನು ನೋಡಿದರು. ಮರುದಿನ ಶಾಲೆ ಬಿಟ್ಟ ಗಂಟೆ ಹೊಡೆದಾಗ ಇಡೀ ತರಗತಿ ಬೆನ್ನು ಮುಂದೆ ಮಾಡಿ, ಗೋಡೆ ಹಿಡಿದುಕೊಂಡು, ಒಬ್ಬರ ಹಿಂದೆ ಒಬ್ಬರು ಹೊರಗೆ ಹೋಯಿತು. ಹುಡುಗರದು ಹುಡುಗಾಟಿಕೆ. ನಾಲ್ಕು ಏಟು ಕೊಟ್ಟು ಅಲ್ಲಿಗೇ ಬಿಡಬಹುದಿತ್ತು. ನಾನು ಸಿಟ್ಟನ್ನು ಮನೆಗೆ ತಂದೆ.

"ನಾಳಿಂದ ನೆಟ್ಟಗ ಇಳಿ" ಎಂದೆ.

"ಮಾರಿ ಮುಂದ ಮಾಡಿ ಇಳದ್ರ ಮೊಣಕಾಲು ಕೈ ಬಿಡ್ತದ್ರಿ."

ನಾನು ಕಿಟಕಿ ತೋರಿಸಿದೆ. "ಫೋಟೋದಾಗ ಏನೂ ಇಲ್ಲ."

ನನ್ನ ಬಳಿ ಎಂದೂ ಏನನ್ನೂ ಕೇಳದವಳು, ಕೇಳಿದಳು: "ಹಂಗಾದ್ರ ಅಗ್ಗಣಿ ಒಂದು ನೀವೇ ತರ್ರಿ. ಉಳದಿದ್ದೆಲ್ಲ ನಾ ಹೆಂಗರೆ ಮಾಡ್ತೀನಿ. ನಿಮ್ಮ ಪೂಜಿದೇ ನೀರಲ್ರಿ ಅದು."

"ಇವತ್ತು ನೀ ಹಿಂದ ಹಿಂದ ಇಳದಿದ್ದಕ್ಕ ನಕ್ಕಾರ, ನಾಳಿ ನಾ ಕೊಡ ಹೊತ್ತಿದ್ದಕ್ಕ ನಗ್ತಾರ. ಈ ಊರಾಗ ನಾ ಸಾಲಿ ನಡಸಬೇಕೋ ಬ್ಯಾಡೋ?" ಎಂದೆ. ಕಾಗೆಗೇನು ಗೊತ್ತು ಎತ್ತಿನ ಹುಣ್ಣಿನ ನೋವು ಅನ್ನುತ್ತಾರೆ. ಕಾಗೆಗೆ ಹಸಿವಾದರೂ ಇರುತ್ತದೆ. ನನಗೆ ಇದ್ದದ್ದು ಬರೀ ನಾಚಿಕೆ.

ಎಂಟು ದಿನ ಅವಳು ನೆಟ್ಟಗೆ ಇಳಿದಳು. ಒಂಬತ್ತನೆಯ ದಿನ ಬೆಳಿಗ್ಗೆ ನಾನು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತಿದ್ದೆ. ನೀರು ಬಂದಿರಲಿಲ್ಲ. ಶಾಲೆಗೆ ಹೊತ್ತಾಗುತ್ತಿತ್ತು, ಒಳಗೇ ಸಿಡಿಮಿಡಿಗೊಳ್ಳುತ್ತಿದ್ದೆ. ಬಾಗಿಲಲ್ಲಿ ಬೆಳಕು ಕಟ್ಟಿದಂತಾಗಿ ತಲೆ ಎತ್ತಿದರೆ ಮಾಳಪ್ಪ. ಬೆನ್ನ ಮೇಲೆ ಗುರುಬಾಯಿ, ಮೈಯೆಲ್ಲ ಒದ್ದೆ, ಒಂದು ಕಾಲು ಹೇಗೆ ಹೇಗೋ ಜೋತುಬಿದ್ದಿತ್ತು. ಕುರಿಗೆ ನೀರು ಕುಡಿಸಲು ಬಂದವನು ಬಿದ್ದ ಸಪ್ಪಳ ಕೇಳಿ, ನೀರಿನ ಅಂಚಿಗೆ ಬಿದ್ದಿದ್ದವಳನ್ನು ಹೊತ್ತು, ಇಪ್ಪತ್ತೆರಡು ಮೆಟ್ಟಿಲು ಹತ್ತಿ, ಊರಬಾಗಿಲ ಅಗಸೆಯ ದಾರಿಯೆಲ್ಲ ನಡೆದು ಬಂದಿದ್ದ. ಡಾಕ್ಟರು ಬೆಚ್ಚಿದ್ದು ಇದೇ ಮೊಣಕಾಲನ್ನು ನೋಡಿ. ಕಿಟಕಿಯಲ್ಲಿ ಸಾಫಾದ ಮೊಣಕಾಲು ಬಿಸಿಲಿಗೆ ಹೊಳೆಯುತ್ತಿತ್ತು. "ಹಾಸಿಗಿ ಹಾಸ್ರಿ ಮಾಸ್ತರ್" ಎಂದ ಮಾಳಪ್ಪ. ನನಗೆ ಹಾಸಿಗೆ ಎಲ್ಲಿರುತ್ತದೆ ಎಂಬುದೂ ತಟ್ಟನೆ ನೆನಪಾಗಲಿಲ್ಲ.

ಮತ್ತೆ ಬಂಡಿ, ಹುಲ್ಲಿನ ಮೆತ್ತೆ, ಮತ್ತೆ ಮೋಟಾರು. ಅದೇ ಡಾಕ್ಟರು ಮತ್ತೊಂದು ಫೋಟೋ ತೆಗೆದರು. ಈ ಸಲ ಕೋಲು ಬೇಕಾಗಲಿಲ್ಲ. ತೊಡೆಯ ಎಲುಬು ಸೊಂಟದ ಬಳಿ ಮುರಿದು ಎರಡಾಗಿತ್ತು. ಡಾಕ್ಟರು ಹಾಳೆಯನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದರು. ಗುರುಬಾಯಿ ಮಲಗಿದ್ದಲ್ಲಿಂದಲೇ ಕೇಳಿದಳು:

"ಈಗರೆ ಕಾಣ್ಸತೇನ್ರಿ?"

ಅವಳ ದನಿಯಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದಳು. ಹೂಂ ಎಂದೆ. "ಚಲೋ ಆತು" ಎಂದು ಕಣ್ಣು ಮುಚ್ಚಿದಳು.

ಊರಿಗೆ ಬಂದ ದಿನವೇ ಕಿಟಕಿಯ ಹಾಳೆ ಕಿತ್ತೆ. ಅಂಟು ಬಿಡದೆ ಅರ್ಧ ಹರಿಯಿತು. ಮರುದಿನ ಬೆಳಿಗ್ಗೆ ಕೊಡ ತೆಗೆದುಕೊಂಡು ಬಾವಿಗೆ ಹೋದೆ. ಹೆಂಗಸರು ಸರಿದು ದಾರಿ ಬಿಟ್ಟರು. ಹುಡುಗರು ಈಜುತ್ತಿದ್ದರು, ನನ್ನನ್ನು ನೋಡಿ ನಿಂತರು. ಯಾರೂ ನಗಲಿಲ್ಲ. ಇಷ್ಟು ಸುಲಭವಾಗಿತ್ತೇ ಇದು ಎಂದು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಒಂದು ಕೊಡ ನೀರು ಎಷ್ಟು ಭಾರ ಎಂಬುದು ಐವತ್ತು ದಾಟಿದ ಮೇಲೆ ನನಗೆ ಗೊತ್ತಾಯಿತು. ಆ ನೀರಿನಿಂದ ಪೂಜೆ ಮಾಡುವಾಗ ಅವಳು ಹೊರಸಿನ ಮಂಚದ ಮೇಲಿಂದ ನೋಡುತ್ತಿದ್ದಳು. ಒಂದು ದಿನವೂ ಆ ಮಾತು ಎತ್ತಲಿಲ್ಲ. ಎತ್ತಲಿ ಎಂದು ನಾನು ಕಾಯುತ್ತಿದ್ದೆ. ಬೈದರೆ ಕೈಮುಗಿಯಬಹುದಿತ್ತು. ಆ ಅವಕಾಶವನ್ನು ಅವಳು ಕೊಡಲಿಲ್ಲ. ಬೇಕೆಂದೇ ಕೊಡಲಿಲ್ಲವೋ, ಬೈಯಬಹುದು ಎಂಬುದೇ ಅವಳಿಗೆ ಗೊತ್ತಿರಲಿಲ್ಲವೋ, ಇವತ್ತಿಗೂ ತಿಳಿಯದು. ಒಂದೂವರೆ ವರ್ಷ ಹೊರಸಿನಲ್ಲೇ ಇದ್ದಳು. ಮತ್ತೆ ಏಳಲಿಲ್ಲ.

ಈಗ ನನ್ನ ಮೊಣಕಾಲು ಹೋಗಿವೆ. ಇಲ್ಲಿಯ ಡಾಕ್ಟರು ಹುಡುಗ, ಒಳ್ಳೆಯವನು, ಫೋಟೋ ತೆಗೆಸಿರಿ ಎನ್ನುತ್ತಾನೆ. "ಫೋಟೋ ಬ್ಯಾಡಪ್ಪಾ, ನೀ ಕೇಳು, ನಾ ಹೇಳ್ತೀನಿ" ಎನ್ನುತ್ತೇನೆ. ಮುದುಕನ ಹಟ ಎಂದುಕೊಂಡು ಗುಳಿಗೆ ಬರೆದುಕೊಡುತ್ತಾನೆ.

ಅವಳು ತೀರಿಕೊಂಡ ದಿನದ ಒಂದು ಮಾತು ಉಳಿದಿದೆ. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ. ಪೂಜೆಗೆ ಕೂತಂತೆ ಕಾಲು ಮಡಚಿ, ಕೈಯಲ್ಲಿ ಲಿಂಗವಿಟ್ಟು ಕೂರಿಸುತ್ತಾರೆ. ಎಷ್ಟೋ ವರ್ಷದಿಂದ ಕಾಲು ಮಡಚಿ ಕೂರದವಳನ್ನು ಅಂದು ಕೂರಿಸಬೇಕಿತ್ತು. ಕಾಲು ಮಡಚಲಿಲ್ಲ. ಇಬ್ಬರು ಹಿಡಿದುಕೊಂಡರು, ಸಂಸ್ಕಾರಕ್ಕೆ ಬಂದಿದ್ದ ಮಠದ ಈಗಿನ ಅಯ್ಯನವರು ಮೊಣಕಾಲಿನ ಮೇಲೆ ಅಂಗೈ ಇಟ್ಟು ಭಾರ ಹಾಕಿದರು. ಒಳಗೆ ಏನೋ ಲಟ್ಟೆಂದಿತು. ಅಷ್ಟು ಹೊತ್ತು ಗೋಡೆಗೆ ಒರಗಿ ನಿಂತಿದ್ದ ನಾನು ಮುಂದೆ ಹೋಗಿ ಅವರ ಕೈ ಹಿಡಿದುಕೊಂಡೆ.

"ಮೆಲ್ಲಕ್ರಿ" ಎಂದೆ. "ಆಕಿ ಮೊಣಕಾಲು ಭಾಳ ನೋಯ್ತಾವ."

ಜೀವಮಾನದಲ್ಲಿ ಮೊದಲ ಸಲ ಆ ಮಾತು ನನ್ನ ಬಾಯಿಂದ ಬಂತು. ಅಯ್ಯನವರು ನನ್ನ ಮುಖ ನೋಡಿ, "ಇನ್ನೆಲ್ಲಿ ನೋವು ಮಾಸ್ತರ್, ಕೈ ಬಿಡ್ರಿ" ಎಂದರು.